ಯಾವ ಚಾಲು?

ಬೆಳಗ್ಗೆ ಆರು ಗಂಟೆ ಹದಿನೆಂಟು ನಿಮಿಷ. ಮಧುಗಿರಿಯ ಮನೆಯ ಮುಂದಿನ ಕೋಣೆಯಲ್ಲಿ, ಗಂಡ ತಿಮ್ಮರಾಜುವಿನ ಎದುರು, ಆಶಾರಾಣಿ ಬಲಗೈಗೆ ಅಂಟಿದ್ದ ಕಣಕವನ್ನೂ ತೊಳೆಯದೆ, ಎಡಗೈಯಲ್ಲಿ ಫೋನ್ ಹಿಡಿದು ಒಂದೇ ಪದವನ್ನು ಮತ್ತೆ ಮತ್ತೆ ಓದುತ್ತಿದ್ದಳು.

ಆಶಾರಾಣಿ: ಸಾಕು ಅಂದವ್ರೆ. ಮುಗೀತು. ಇನ್ನೇನ್ ಐತೆ ಇದ್ರಲ್ಲಿ?

ತಿಮ್ಮರಾಜು: ಶುರು ಮಾಡು ಅಂದವ್ರೆ ಕಣೆ! ಚಾಲೂ! ಗಾಡಿ ಚಾಲೂ, ಮೋಟ್ರು ಚಾಲೂ, ಹೋಳಿಗೆ ಚಾಲೂ!

ಪದ ಕಳಿಸಿದವರು ವೆಂಕಟರಾಮಯ್ಯ. ಕ್ಯಾತಗಾನಚೆರ್ಲುವಿನ ಹತ್ತಿರ ಸೋಲಾರ್ ಪಾರ್ಕಿನ ಕೆಲಸಗಾರರಿಗೆ ಮೆಸ್ ನಡೆಸುತ್ತಾರೆ. ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿಯುವ ಆಶಾರಾಣಿಯ ರೀಲ್ ನೋಡಿ, ಹೋದ ವಾರ ರುಚಿಗೆಂದು ಒಂದಿಷ್ಟು ತರಿಸಿಕೊಂಡಿದ್ದರು. 'ಸರ್, ನಾಳೆಯಿಂದ ದಿನಾ ನೂರು ಹೋಳಿಗೆ ಕಳಿಸ್ಲಾ?' ಎಂದು ಅವಳು ನಿನ್ನೆ ಕೇಳಿದ್ದಳು. ಹೂರಣ, ಕಣಕ ಸಿದ್ಧವಾಗುವ ಹೊತ್ತಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಉತ್ತರ ಬಂದಿತ್ತು: ಚಾಲು.

ಆ ಅಕ್ಷರಗಳಲ್ಲಿ ಹ್ರಸ್ವವೂ ದೀರ್ಘವೂ ಒಂದೇ. ಶಿರಾದ ಗ್ಯಾರೇಜುಗಳಲ್ಲಿ ಕೆಲಸ ಕಲಿತ ತಿಮ್ಮರಾಜುವಿಗೆ ಚಾಲೂ ಎಂದರೆ ಶುರು. ಪಾವಗಡದ ಕಡೆ, ರಾಯಚರ್ಲುವಿನಲ್ಲಿ ತೆಲುಗು ಕೇಳಿಕೊಂಡು ಬೆಳೆದ ಆಶಾರಾಣಿಗೆ ಚಾಲು ಎಂದರೆ ಸಾಕು.

ಆಶಾರಾಣಿ: ಅವ್ರು ನಮ್ ಕಡೆಯೋರು ರೀ. ನಮ್ ಕಡೆ ಎಲೆ ಮುಂದೆ ಕೈ ಅಡ್ಡ ಹಿಡಿದು ಚಾಲು ಚಾಲು ಅಂದ್ರೆ, ಇನ್ನು ಬಡಿಸ್ಬೇಡಿ ಅಂತ.

ತಿಮ್ಮರಾಜು: ನಮ್ ಉಸ್ತಾದ್ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಮೊದಲು ಅಂತಿದ್ದುದೇ ಚಾಲೂ. ಅವರು ಸಾಕು ಅಂದಿದ್ರೆ ನಾನು ಮೆಕ್ಯಾನಿಕ್ ಆಗ್ತಿದ್ನಾ?

ಆಶಾರಾಣಿ: ನಿಮ್ ರಿಪೇರಿ ನೋಡಿದ್ರೆ ಸಾಕು ಅಂತ್ಲೇ ಹೇಳಿರ್ಬೇಕು.

ತಿಮ್ಮರಾಜು: ಫೋನ್ ಮಾಡಿ ಕೇಳ್ಬಾರ್ದಾ?

ಆಶಾರಾಣಿ: ಸ್ವಿಚ್ ಆಫ್. ಮೆಸೇಜಿಗೂ ಒಂದೇ ಟಿಕ್ಕು.

ತಿಮ್ಮರಾಜು: ಊರಿಗೆಲ್ಲ ಕರೆಂಟ್ ಕಳ್ಸೋ ಜಾಗ್ದಾಗೆ ಕೂತವ್ರೆ, ಅವರ ಫೋನಿಗೆ ಚಾರ್ಜಿಲ್ಲ!

ಅಡುಗೆಮನೆಯಿಂದ ತಿಮ್ಮರಾಜುವಿನ ತಾಯಿ ಲಕ್ಕಮ್ಮನ ದನಿ ಬಂತು.

ಲಕ್ಕಮ್ಮ: ಲೇ ತಿಮ್ಮ, ಹೂರಣ ಎಷ್ಟೊತ್ತು ಕಾಯ್ತದ್ಲಾ? ಮನೆಗೆ ಅಂತ ನಾಕು ತಟ್ತೀನಿ.

ತಿಮ್ಮರಾಜು: ತಟ್ಟವ್ವ. ಉಳಿದದ್ದು ಮುಟ್ಬೇಡ, ಇನ್ನೂ ತೀರ್ಮಾನ ಆಗಿಲ್ಲ.

ಹೋಳಿಗೆ ಕಳಿಸಬೇಕಾದ ಪಾವಗಡದ ಬಸ್ಸು ಎಂಟೂವರೆಗೆ. ನೂರು ಹೋಳಿಗೆ ಬೇಯಿಸಿ ಅದು ಬೇಡವಾಗಿದ್ದರೆ ಯಾರು ತಿನ್ನುತ್ತಾರೆ? ಬೇಯಿಸದೆ ಅದು ಬೇಕಾಗಿದ್ದರೆ, ಮೊದಲ ದಿನವೇ ಮಾತು ತಪ್ಪಿದವಳನ್ನು ಇನ್ಯಾವ ಮೆಸ್ಸು ನಂಬುತ್ತದೆ? ಅದಕ್ಕಿಂತ ದೊಡ್ಡ ಚಿಂತೆ ಹೋಳಿಗೆ ವ್ಯಾಪಾರಕ್ಕೆಂದು ಇಟ್ಟುಕೊಂಡ ಈ ಕೋಣೆಯದು. ತಿಮ್ಮರಾಜು ಟೈರು ಇಡಲು ಕೋಣೆ ಕೇಳಿದಾಗ, ಆಶಾರಾಣಿ ಇಲ್ಲೇ ನಿಂತು ಅತ್ತೆಯ ಎದುರಿಗೇ ಹೇಳಿದ್ದಳು: 'ಯುಗಾದಿಯೊಳಗೆ ದಿನಕ್ಕೆ ನೂರು. ಆಗ್ಲಿಲ್ಲ ಅಂದ್ರೆ ಪೇಜೂ ಮುಚ್ತೀನಿ, ರೂಮೂ ಬಿಡ್ತೀನಿ.' ಯುಗಾದಿ ನಾಳಿದ್ದು.

ಆಶಾರಾಣಿ: ಸಾಕು ಅಂತಾದ್ರೆ ರೂಮು ನಿಮ್ಗೇ ತಾನೆ? ಮತ್ತೆ ಶುರು ಶುರು ಅಂತ ಯಾಕ್ ಕಿತ್ತಾಡ್ತೀರ?

ತಿಮ್ಮರಾಜು: ಟೈರು ಬೀದಿಯಾಗಿದ್ರೂ ಟೈರೇ ಕಣೆ. ಹೋಳಿಗೆ ಬೀದಿಯಾಗಿಟ್ರೆ ಇರುವೆ.

ಅವಳು ಮುಖ ತಿರುಗಿಸಿಕೊಂಡು ನಕ್ಕಳು. ಅವನು ಪೇಜಿನ ಕಮೆಂಟುಗಳನ್ನು ಕೆಳಗಿನಿಂದ ಮೇಲಕ್ಕೆ ತನಿಖೆ ಮಾಡತೊಡಗಿದ.

ತಿಮ್ಮರಾಜು: ರೇಟ್ ಎಷ್ಟು ಅಕ್ಕ... ರೇಟ್ ಪ್ಲೀಸ್... ರೇಟ್ ಹೇಳಿ. ಇವರೆಲ್ಲ ಎಲ್ಲಿ?

ಆಶಾರಾಣಿ: ರೇಟ್ ಹೇಳಿದ್ಮೇಲೆ ಮಾಯ.

ತಿಮ್ಮರಾಜು: ಈ ನಂದೀಶ್ವರಯ್ಯ ದಿನಾ ಹೃದಯ ಕೊಡ್ತಾನಲ್ಲ, ಯಾರವನು?

ಆಶಾರಾಣಿ: ನಿಮ್ ಭಾವ! ನಾಕು ತಿಂಗಳಿಂದ ಹೃದಯ ಕೊಟ್ಟವ್ರೆ, ಒಂದು ಹೋಳಿಗೆ ತಗೊಂಡಿಲ್ಲ.

ತಿಮ್ಮರಾಜು: ಸಿಕ್ತು ಸಿಕ್ತು! ವೆಂಕಟರಾಮಯ್ಯನ ಕಮೆಂಟು. 'ಚಾಲಾ ಬಾಗುಂದಿ.' ತುಂಬಾ ಚೆನ್ನಾಗೈತೆ ಅಂತ. ಅಯ್ಯೋ, ತೆಲುಗು! ಆಶಾ, ಇವರು ಸಾಕು ಅಂತಾನೇ ಅಂದಿರ್ಬೇಕು ಕಣೆ.

ಆಶಾರಾಣಿ: ಇರಿ ಇರಿ. ಅವರ ಮೆಸ್ಸಿನ ಪೇಜ್ ನೋಡ್ದೆ. 'ರಾತ್ರಿ ಊಟ ಚಾಲೂ ಇದೆ' ಅಂತ ಹಾಕವ್ರೆ. ನೀವು ಹೇಳಿದ್ದೇ ಸರಿ ರೀ, ಶುರು ಅಂತಾನೇ!

ತಿಮ್ಮರಾಜು: ನಾನು ಹೇಳಿದ್ದು ತಪ್ಪು ಅಂತ ಈಗ ತಾನೆ ಒಪ್ಕಂಡ್ನಲ್ಲ!

ಆಶಾರಾಣಿ: ಒಪ್ಕೊಳೋಕೆ ನಿಮ್ಗೆ ಹೇಳಿದ್ಯಾರು?

ಇಬ್ಬರೂ ಪಕ್ಷ ಬದಲಿಸಿಕೊಂಡು ಅಷ್ಟೇ ಜೋರಾಗಿ ಜಗಳ ಮುಂದುವರಿಸಿದರು. ಅರ್ಧ ಗಂಟೆಯ ಬಳಿಕ ತಿಮ್ಮರಾಜು ಒಂದು ಸೂತ್ರ ಕಂಡುಹಿಡಿದ.

ತಿಮ್ಮರಾಜು: ನೋಡು. ಶುರು ಅಂದ್ರೆ ನೂರು. ಸಾಕು ಅಂದ್ರೆ ಸೊನ್ನೆ. ಸರಾಸರಿ ಐವತ್ತು. ಅವ್ವಾ! ಐವತ್ತು ತಟ್ಟು!

ಲಕ್ಕಮ್ಮ: ಹೂಂ. ಇನ್ನೊಂದು ತುಪ್ಪದ ಡಬ್ಬ ಎಲ್ಲೈತ್ಲಾ?

ತಿಮ್ಮರಾಜು: ಐವತ್ತಕ್ಕೆ ಇನ್ನೊಂದು ಡಬ್ಬ ಯಾಕವ್ವ?

ಲಕ್ಕಮ್ಮ: ರೀಲಿನಾಗೆ ಹೆಂಗೆ ಸುರೀತಾಳೆ ನಿನ್ ಹೆಂಡ್ತಿ? ನಾನ್ ಸುರಿದ್ರೆ ಲೆಕ್ಕ ಕೇಳ್ತೀಯಾ?

ಆಶಾರಾಣಿ: ಅತ್ತೆ, ಕೈ ಜೋಡಿಸೋಕೆ ಬರ್ಲಾ?

ಲಕ್ಕಮ್ಮ: ಬ್ಯಾಡ ಕಣಮ್ಮ. ಜಗಳ ಆಡ್ಕಂಡು ಬಂದ್ರೆ ಹೂರಣ ನೀರಾಗ್ತದೆ. ಮೊದ್ಲು ಅದ್ನ ಮುಗಿಸ್ಕಳಿ.

ಎಂಟು ಗಂಟೆ ಎರಡು ನಿಮಿಷಕ್ಕೆ ಫೋನ್ ಬಂತು. ವೆಂಕಟರಾಮಯ್ಯ! ಆಶಾರಾಣಿ ಸ್ಪೀಕರ್ ಒತ್ತಿದಳು.

ವೆಂಕಟರಾಮಯ್ಯ: ಏಮಮ್ಮಾ, ಫೋನಿಗೆ ಚಾರ್ಜ್ ಇರ್ಲಿಲ್ಲ. ಈಗ ನೋಡಿದ್ರೆ ನಿಮ್ದು ಒಂದು ರಾಶಿ ಮೆಸೇಜು! ಬಸ್ಸಿಗೆ ಹಾಕಿದ್ರಾ?

ಆಶಾರಾಣಿ: ಸರ್, ನೀವು ಚಾಲು ಅಂದಿದ್ದು... ಯಾವ ಚಾಲು ಸರ್?

ವೆಂಕಟರಾಮಯ್ಯ: ಯಾವ ಚಾಲು ಅಂದ್ರೆ? ನೂರು ಕಳಿಸ್ಲಾ ಅಂದ್ರಿ. ನೂರು ಚಾಲು ಅಂದೆ. ನೂರು ಸಾಕು ತಾಯಿ, ಜಾಸ್ತಿ ಬೇಡ! ದಿನಾ ಇಷ್ಟೇ ಕಳ್ಸಿ. ಇಡ್ತೀನಿ, ಉಂಟಾನಮ್ಮಾ!

ಫೋನ್ ಕಟ್ಟಾಯಿತು. ಪದ ಅವಳು ಮೊದಲು ಹೇಳಿದಂತೆಯೇ ಇತ್ತು. ಆರ್ಡರು ಅವನು ಹೇಳಿದಂತೆ. ಗೆದ್ದವರು ಯಾರು ಎಂದು ಲೆಕ್ಕ ಹಾಕಲು ಇಬ್ಬರಿಗೂ ವ್ಯವಧಾನ ಇರಲಿಲ್ಲ.

ಆಶಾರಾಣಿ: ರೀ, ಒಳಗಿರೋದು ಐವತ್ತೇ!

ತಿಮ್ಮರಾಜು: ನಾನು ಬಸ್ಸಿನ ಮುಂದೆ ಅಡ್ಡ ಮಲಗ್ತೀನಿ, ನೀನು ತಟ್ಟು!

ಆಶಾರಾಣಿ: ನಿಮ್ ಸರಾಸರಿಗಿಷ್ಟು ಬೆಂಕಿ ಹಾಕ!

ಅಷ್ಟರಲ್ಲಿ ಲಕ್ಕಮ್ಮ ಬಾಗಿಲಿಗೆ ಬಂದರು. ಸೊಂಟದ ಮೇಲೊಂದು ದೊಡ್ಡ ಡಬ್ಬ, ಹಿಂದೆ ನೆಲದ ಮೇಲೆ ಇನ್ನೊಂದು. ಎರಡಕ್ಕೂ ಬಾಳೆ ಎಲೆ ಮುಚ್ಚಿ ದಾರ ಕಟ್ಟಿಯಾಗಿತ್ತು.

ತಿಮ್ಮರಾಜು: ಅವ್ವಾ, ಇದೇನಿದು? ನಾನು ಐವತ್ತು ಅಂದಿದ್ನಲ್ಲ?

ಲಕ್ಕಮ್ಮ: ನೀನ್ ಅನ್ನೋ ಹೊತ್ಗೆ ಐವತ್ತು ದಾಟ್ಬುಟ್ಟಿತ್ತು ಕಣ್ಲಾ. ಫೋನಿನ ಮಾತು ನಂಗ್ ತಿಳಿಯಾಕಿಲ್ಲ. ಇದೇ ರೂಮ್ನಾಗೆ ನಿಂತ್ಕಂಡು ಅವತ್ತು ಇವ್ಳು ಬಾಯ್ಬುಟ್ಟು ಒಂದ್ ಮಾತು ಅಂದಿದ್ಲಲ್ಲ, ಅದು ತಿಳೀತು.

ತಿಮ್ಮರಾಜು: ಏನಂದಿದ್ಲು?

ಲಕ್ಕಮ್ಮ ಡಬ್ಬವನ್ನು ಮಗನ ಕೈಗೆ ದಾಟಿಸಿ, ಸೆರಗಿನಿಂದ ಬೆವರು ಒರೆಸಿಕೊಂಡರು.

ಲಕ್ಕಮ್ಮ: ನೂರು.