ಅತ್ತೆಯ ತಂಬಿಗೆಯ ಪ್ರಯಾಣಿಕರು

ನನ್ನ ಸೋದರತ್ತೆ ಮನೆಗೆ ಬಂದ ಅತಿಥಿಗಳನ್ನು ನಡೆಸಿ ಕಳಿಸಿದವರೇ ಅಲ್ಲ. ಹೊತ್ತುಕೊಂಡು ಹೋಗಿ ಅವರವರ ಮನೆಗೆ ಬಿಟ್ಟು ಬರುತ್ತಿದ್ದರು! ಗಾಬರಿಯಾಗಬೇಡಿ, ನಾನು ಹೇಳುತ್ತಿರುವುದು ನೀರೊಳಗಿನ ಹುಳಗಳ ಮಾತು. ನಾವು ಜೈನರು ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತೇವೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಆ ನೀರು ತಂದಲ್ಲಿಗೇ ಮರಳಿ ಬಿಡಬೇಕು. ಉಳಿದವರು ಬಟ್ಟೆ ಝಾಡಿಸಿ ಕೈತೊಳೆದುಕೊಂಡರೆ, ಅತ್ತೆ ಮಗಳನ್ನು ಗಂಡನ ಮನೆಗೆ ಕಳಿಸುವ ಸಡಗರದಲ್ಲಿ ತಂಬಿಗೆ ಹಿಡಿದು ನಿಪ್ಪಾಣಿಯ ನಮ್ಮ ಓಣಿಯ ಹಿಂದಿನ ಹಳ್ಳಕ್ಕೆ ಇಳಿಯುತ್ತಿದ್ದರು.

ಒಮ್ಮೆ ಕೃಷ್ಣಾ ಹೊಳೆಯ ದಂಡೆಯ ಉಗಾರ ಬುದ್ರುಕದಲ್ಲಿ ಮದುವೆ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆವು. ರಾಯಬಾಗ ದಾಟಿದ ಮೇಲೆ ಅತ್ತೆ ಚೀಲದೊಳಗಿನ ತಂಬಿಗೆ ನೋಡಿ ಚೀರಿದರು, "ಬಸ್ ನಿಂದ್ರಸ್ರಿ!"

"ಏನ್ ಮರ್ತ ಬಂದ್ರಿ, ಆಯಿ?" ಎಂದ ಕಂಡಕ್ಟರ್.

"ಮರ್ತ ಬಂದಿಲ್ಲಪಾ, ಕರ್ಕೊಂಡ ಬಂದೀನಿ! ಕೃಷ್ಣಾ ಹೊಳ್ಯಾನವ್ರು ನಮ್ಮ ಹಳ್ಳದಾಗ ಪರದೇಶಿ ಆಗ್ತಾರ."

ಇಳಿದೆವು. ತಂಬಿಗೆಯವರನ್ನು ಹೊಳೆಗೆ ಬಿಡಲು ಮರಳಿ ಉಗಾರಕ್ಕೆ ಹೋದೆವು. ಬೇರೆ ದಾರಿ ಇತ್ತೇ?

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರು ಗುಡ್ಡದ ಕಡೆ ಏರತೊಡಗಿತು. ಪ್ಲಾಟು ಬಿದ್ದವು, ಮನೆ ಎದ್ದವು, ಎಲ್ಲರ ಗಟಾರವೂ ಹಳ್ಳಕ್ಕೆ ಸೇರಿತು. ಮೊದಲು ಕಲ್ಲುಸಂದಿಯ ಮೀನು ಹೋದವು, ಆಮೇಲೆ ಕಪ್ಪೆಗಳು. ಒಂದು ಬೆಳಗ್ಗೆ ನೀರೇನೋ ತಿಳಿಯಾಗಿತ್ತು, ಅತ್ತೆಯ ಬಟ್ಟೆಯ ಮೇಲೆ ಮಾತ್ರ ಮಿಸುಕುವ ಜೀವ ಒಂದೂ ಇರಲಿಲ್ಲ.

ಪ್ಲಾಟು ಮಾರುವ ನೆರೆಮನೆಯವರು ಹಿಗ್ಗಿದರು. "ನೋಡ್ರಿ ಅಕ್ಕಾರ, ಒಂದ್ ಹುಳಾ ಇಲ್ಲ! ನೀರ ಎಷ್ಟ ಶುದ್ಧ ಆಗೇತಿ!"

"ಹುಳಾನ ಬದುಕಲಾರದ ನೀರು, ನಿಮಗೊಂದ್ ಗ್ಲಾಸ್ ಕೊಡ್ಲೇನ್ರಿ?"

ಪಾಪ, ಅವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟರು.

ಅಂದಿನಿಂದ ಅತ್ತೆ ಕೊನೆಯ ಮನೆಯನ್ನು ದಾಟಿ, ಹಳ್ಳದ ಮೇಲ್ಗಡೆಯಿಂದ ನೀರು ತರತೊಡಗಿದರು. ಮರುವರ್ಷ ಅದರ ಮೇಲೂ ಒಂದು ಸಾಲು ಮನೆ ಎದ್ದಿತು. ಅತ್ತೆ ಇನ್ನೂ ಮೇಲೆ ಹತ್ತಿದರು. ಊರು ಬೆಳೆದಷ್ಟೂ ಅವರ ದಾರಿ ಬೆಳೆಯಿತು. ಮನೆಗೆ ನಳ ಬಂದಿರಲಿಲ್ಲವೇ ಅನ್ನುತ್ತೀರಾ? ನಾವೂ ಕೇಳಿದೆವು.

"ನಳದ ನೀರ ಸೋಸಿ ಜೀವಾನ ಎಲ್ಲಿ ಬಿಡ್ಲಿ? ಪೈಪಿನ್ಯಾಗ ತುರಕ್ಲೇನು?"

ಕಡೆಗೆ ಮೊಣಕಾಲು ಬಾತು ಅತ್ತೆ ಹಾಸಿಗೆ ಹಿಡಿದರು. ನೀರು ತರುವ ಕೆಲಸ ನನ್ನ ಪಾಲಿಗೆ ಬಂತು, ಬಿಟ್ಟು ಬರುವ ಕೆಲಸವೂ! ಅತ್ತೆ ಕುಳಿತಲ್ಲೇ ಸೋಸಿ, ತಂಬಿಗೆ ನನ್ನ ಕೈಗಿಟ್ಟು, "ಸಾವಕಾಶ ಹೋಗಪಾ, ತುಳುಕಸಬ್ಯಾಡ" ಎಂದರು. ನಗುತ್ತಲೇ ಹೊರಟೆ. ಬೆಳಗ್ಗೆ ನೀರು ತುಂಬಿಕೊಂಡಿದ್ದ ಜಾಗದ ಪಕ್ಕದಲ್ಲೇ ಆಗಲೇ ಹೊಸ ಪ್ಲಾಟಿನ ಸುಣ್ಣದ ಗೆರೆ ಎಳೆಯುತ್ತಿದ್ದರು. ನನ್ನ ನಗು ಅಲ್ಲೇ ನಿಂತಿತು. ಕಲ್ಲುಗಳ ನಡುವೆ ಕುಳಿತು ತಂಬಿಗೆ ಮೆಲ್ಲಗೆ ಬಾಗಿಸಿದೆ. ಎಳ್ಳುಕಾಳಿನಷ್ಟು ಪುಟ್ಟ ಜೀವವೊಂದು ಚಂಗನೆ ಜಿಗಿದು ನೀರು ಸೇರಿತು.

ಮನೆಗೆ ಬಂದು ಸುಣ್ಣದ ಗೆರೆಯ ಸುದ್ದಿ ಎತ್ತಲಿಲ್ಲ. "ಅತ್ತಿ, ಒಂದ್ ಜಿಗೀತು" ಎಂದೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಹಂಗಾದ್ರ ಅವಕ್ಕ ಇನ್ನೂ ಜಾಗಾ ಐತಿ" ಎಂದು ಕಣ್ಣು ಮುಚ್ಚಿ ನಿದ್ದೆಹೋದರು. ಆ ಕೈಯನ್ನು ಬಿಡಿಸಿಕೊಳ್ಳಲು ನನಗೆ ಮನಸ್ಸೇ ಬರಲಿಲ್ಲ.