ಅಟ್ಟದ ಮೇಲಿನ ಗೆಲಾಕ್ಸಿ

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆಯಲ್ಲಿ ಖಗೋಳಶಾಸ್ತ್ರ ಕೆಟ್ಟಿತು. ಮರುದಿನ ಅಕ್ಕಲಕೋಟೆಯ ಶಾಲೆಯೊಂದರಲ್ಲಿ ಪುಟ್ಟ, ದಟ್ಟ ಗೆಲಾಕ್ಸಿಗಳ ಬಗ್ಗೆ ಭಾಷಣವಿತ್ತು. ಗಡಿಯಾರ ಎದುರಿಗಿಟ್ಟು ತಾಲೀಮು ಮಾಡುತ್ತಿದ್ದೆ. ಭೌತಶಾಸ್ತ್ರದ ಮೇಷ್ಟರಿಗೊಂದು ರೋಗವಿದೆ: ಕಣ್ಣಿಗೆ ಬಿದ್ದದ್ದೆಲ್ಲ ಉದಾಹರಣೆ. ನನ್ನ ಕಣ್ಣಿಗೆ ಬಿದ್ದದ್ದು ಮಂಚದ ಮೇಲಿನ ಅಟ್ಟ. ಸೊಲ್ಲಾಪುರದಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ಆಯೇರವೆಂದು ಕೊಡುವುದು ಚಾದರ. ಯಾರೂ ಹೊದೆಯುವುದಿಲ್ಲ, ಮುಂದಿನವರಿಗೆ ದಾಟಿಸುವವರೆಗೆ ಅಟ್ಟಕ್ಕೆ ತುರುಕುತ್ತಾರೆ.

"ನೋಡ ಶಾಂತಾ," ಎಂದೆ ಹೆಂಡತಿಗೆ, "ಜಗತ್ತು ಎಳೀದಿದ್ದಾಗ ಅನಿಲ ಎಲ್ಲಾ ನಡಕ ಕುಸಿದು, ಗಡಿಬಿಡಿಯೊಳಗ ಚಿಕ್ಕಿ-ನಕ್ಷತ್ರ ಹುಟ್ಟಿ, ಸಣ್ಣ ಜಾಗಾದಾಗ ಒತ್ತಿಕೊಂಡು ಕುಂತ್ವು. ಅವು ನಮ್ಮ ಮದುವ್ಯಾಗ ಬಂದ ಚಾದರ. ಆಮ್ಯಾಲ ಸಣ್ಣ ಸಣ್ಣ ಗೆಲಾಕ್ಸಿ ನುಂಗಿ ಹೊರಗಿನ ಮೈ ಊದ್ತದ. ಈ ಹೊರಗಿನವು ನಿಮ್ಮ ತವರುಮನಿ ಮೈಂದರ್ಗಿ ಮಂದಿ ತಂದದ್ದು."

"ನಮ್ಮ ಮಂದಿ ಸುದ್ದಿಗೆ ಬರಬ್ಯಾಡ್ರಿ. ನಿಮ್ಮ ಸೋದರತ್ತಿ, ಆ ಹೋಟಗಿ ಆತ್ಯಾ ಕೊಟ್ಟದ್ದು ಚಾದರಲ್ರಿ, ಚಹಾ ಸೋಸೂ ಅರಿವಿ!" ಎನ್ನುತ್ತ ಶಾಂತಾ ಒಳಗೆ ಹೋದಳು.

ಅಟ್ಟದಲ್ಲಿ ಇನ್ನೊಂದೂ ಹಿಡಿಸದೆಂದು ಸಾಧಿಸಲು ನಾನು ಸ್ಟೂಲ್ ಹತ್ತಿ, ಕುರ್ಚಿಯ ಮೇಲಿದ್ದ ಕೆಂಪು ಚಾದರವನ್ನು ಮೊಣಕೈಯಿಂದ ತುರುಕಿದೆ. ದುರದೃಷ್ಟಕ್ಕೆ ಹಿಡಿಸಿತು. ಇಳಿದು ಎರಡು ಹೆಜ್ಜೆ ಇಟ್ಟಿರಲಿಲ್ಲ, ಹಲಗೆ ಸಮೇತ ಅಟ್ಟವೇ ನನ್ನ ದಿಂಬಿನ ಮೇಲೆ ಕೂತಿತು.

ಶಾಂತಾ ಓಡಿಬಂದು ಅತ್ತಳು. "ಎಲ್ಲಾ ನಾನ ತುರುಕೀನ್ರಿ!" ಎಂದಳು. ಇಲ್ಲ ಎನ್ನಬೇಕಿತ್ತು. ಆದರೆ ಸಂತ್ರಸ್ತನಾಗಿರುವುದು ಬಲು ಸುಖದ ಕೆಲಸ. ದಿನಾ ಎರಡು ಹೊತ್ತು ತುಪ್ಪದ ಶಿರಾ ಬಂತು. ನೋಡಲು ಬಂದವರೆಲ್ಲ ಅವಳನ್ನು ಬೈದು, ಹೋಗುವಾಗ ಒಂದೊಂದು ಚಾದರ ಒಯ್ದರು. ದೊಡ್ಡ ಗೆಲಾಕ್ಸಿಯ ಬಳಿ ಸುಳಿದ ಸಣ್ಣದರ ಗತಿ ಹೀಗೆಯೇ: ಹೊರಗಿನ ನಕ್ಷತ್ರಗಳನ್ನೆಲ್ಲ ದೊಡ್ಡದು ಕಿತ್ತುಕೊಳ್ಳುತ್ತದೆ, ದಟ್ಟವಾದ ತಿರುಳಷ್ಟೇ ಉಳಿಯುತ್ತದೆ. ನಮ್ಮಲ್ಲಿ ಉಳಿದ ತಿರುಳು ಮದುವೆಯ ಚಾದರಗಳು, ಜೊತೆಗೆ ಆ ಕೆಂಪು ಚಾದರ.

ಬಡಿಗ ಹೊಸ ಹಲಗೆ ಬಡಿದು ಹೋದ. ಆದರೂ ಕಣ್ಣು ಮುಚ್ಚಿದರೆ ಸಾಕು, ದಿಂಬು ಚಪಾತಿಯಾಗುತ್ತಿತ್ತು. ಮೂರು ವಾರ ನಿದ್ದೆಯಿಲ್ಲ. ಕೊನೆಗೊಂದು ಗುರುವಾರ, ಊಟಕ್ಕೆ ಕೂತಾಗ ಒಪ್ಪಿಕೊಂಡೆ: "ಆ ಕಡೀ ಚಾದರ ತುರುಕಿದಾಂವ ನಾನ."

ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತದ ಬಿಡ್ರಿ. ಆ ಕೆಂಪ ಚಾದರ ನಿಮ್ಮ ಆತ್ಯಾಗ ತಿರುಗಿ ಕೊಡಾಕ ನಾನ ಕುರ್ಚಿ ಮ್ಯಾಲ ಇಟ್ಟಿದ್ದೆ. ಅದೇನು ತಾನ ಅಟ್ಟ ಹತ್ತಿತ್ತೇನ್ರಿ?"

"ಮತ್ತ ಯಾಕ ಸುಮ್ನಿದ್ದಿ?"

"ಎಷ್ಟ ದಿನ ಶಿರಾ ತಿಂತೀರಿ ಅಂತ ನೋಡಿದೆ."

ಕೆಲವು ದಟ್ಟ ಗೆಲಾಕ್ಸಿಗಳು ಯಾರನ್ನೂ ಸೇರಿಸಿಕೊಳ್ಳದೆ, ಕೋಟ್ಯಂತರ ವರ್ಷ ಹುಟ್ಟಿದಂತೆಯೇ ಉಳಿಯುತ್ತವೆ. ಅದಕ್ಕೊಂದು ಉದಾಹರಣೆ ಬೇಕೆಂದು ಇಷ್ಟು ದಿನ ಅಟ್ಟದತ್ತ ನೋಡುತ್ತಿದ್ದೆ. ಆ ಗುರುವಾರ ರಾತ್ರಿ ಅದು ನನ್ನ ದಿಂಬಿನ ಮೇಲೆಯೇ ಇತ್ತು. ಬೆಳಗಿನವರೆಗೆ ಗೊರಕೆ ಹೊಡೆಯಿತಂತೆ, ಶಾಂತಾ ಹೇಳಿದಳು.