ಎರಡೂಮುಕ್ಕಾಲು ಗಂಟೆಯ ದಾರಿ

ಒಬ್ಬೊಬ್ಬರಿಗೆ ಒಂದೊಂದು ಚಟ. ನನ್ನದು ದೂರ ಹೇಳುವ ಚಟ. ಎಂ.ಸಿ.ಸಿ. ಬಡಾವಣೆಯ ನಮ್ಮ ಬೀದಿಯಲ್ಲಿ ಯಾರು ಎಲ್ಲಿಗೇ ಹೊರಡಲಿ, ಅವರು ಕೇಳುವ ಮೊದಲೇ ಮೊಬೈಲ್ ತೆಗೆದು ಇಷ್ಟು ಕಿಲೋಮೀಟರ್, ಇಷ್ಟು ಗಂಟೆ ಎಂದುಬಿಡುತ್ತೇನೆ. ನಾನು ಈವರೆಗೆ ವಿಮಾನ ಹತ್ತಿದವನಲ್ಲ. ಹತ್ತಿದವರು ಯಾರೂ ಅದರ ಬಗ್ಗೆ ನನ್ನಷ್ಟು ಧೈರ್ಯವಾಗಿ ಮಾತನಾಡಿದ್ದನ್ನೂ ಕಂಡಿಲ್ಲ. ಅಂಡಮಾನಿನವರೆಗೆ ಲೆಕ್ಕ ಹಾಕುವವರು ಒಂದು ದಿನ ತರಕಾರಿ ಮಾರ್ಕೆಟ್ಟಿನವರೆಗೆ ಹೋಗಿಬಂದರೆ ಸಾಕು ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ.

ಹೋದ ವರ್ಷ ಹರಿಹರದಲ್ಲಿ ನನ್ನ ಅಕ್ಕನ ಗಂಡ ತೀರಿಕೊಂಡರು. ಬೆಳಗಿನ ಚಹಾ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರಂತೆ. ನಾನು ಸ್ಕೂಟರಿನಲ್ಲಿ ಹೋಗಿ ತಲುಪುವ ಹೊತ್ತಿಗೆ ಅಂಗಳ ತುಂಬಿತ್ತು. ಅವರ ಒಬ್ಬಳೇ ಮಗಳು ಶೈಲಾ ಪೋರ್ಟ್ ಬ್ಲೇರ್‌ನಲ್ಲಿ ಟೀಚರು. ಫೋನಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: "ನಾ ಬರೋತನಕ ತಡೀರಿ ಮಾಮ, ಅಪ್ಪನ ಮುಖ ನೋಡ್ಬೇಕು."

ಯಾವಾಗ ಬರುತ್ತಾಳೆ ಎಂದು ಭಾವನ ಅಣ್ಣ ರುದ್ರಪ್ಪನವರು ಕೇಳಿದರು. ಅಷ್ಟು ಸಾಕಾಯಿತು. ಮೊಬೈಲಿನಲ್ಲಿ ಪೋರ್ಟ್ ಬ್ಲೇರ್, ಶಿವಮೊಗ್ಗ ಎಂದು ಎರಡೂ ನಿಲ್ದಾಣಗಳ ಹೆಸರು ಒತ್ತಿದೆ. ಸುಮಾರು ಸಾವಿರದ ಒಂಬೈನೂರು ಕಿಲೋಮೀಟರ್, ಎರಡೂಮುಕ್ಕಾಲು ಗಂಟೆ ಎಂದು ದಪ್ಪಕ್ಷರದಲ್ಲಿ ಬಂತು. ಕೆಳಗೆ ಸಣ್ಣಕ್ಷರದಲ್ಲಿ ಇನ್ನೇನೋ ಇತ್ತು, ಕನ್ನಡಕ ಮನೆಯಲ್ಲಿತ್ತು. ಶಿವಮೊಗ್ಗದಿಂದ ಕಾರಿನ ದಾರಿಯನ್ನೂ ಕೂಡಿಸಿ, ಮೂರಕ್ಕೆಲ್ಲ ಮಗಳು ಅಂಗಳದಲ್ಲಿರುತ್ತಾಳೆ ಎಂದು ಸಾರಿದೆ. ಸಾವಿನ ಮನೆಯಲ್ಲೂ ನಾಲ್ಕು ಜನ ನನ್ನನ್ನು ಮೆಚ್ಚಿ ನೋಡಿದರು. ಅದು ನನಗೆ ಹಿತವಾಗಿತ್ತು ಎನ್ನಲು ಈಗ ನಾಚಿಕೆಯಾಗುತ್ತದೆ. ರುದ್ರಪ್ಪನವರು ಮಧ್ಯಾಹ್ನಕ್ಕೇ ಮಣ್ಣು ಮಾಡಲು ಗುಣಿ ತೆಗೆಸಿದರು.

ಮೂರು ಗಂಟೆಗೆ ಶೈಲಾ ಬರಲಿಲ್ಲ, ನನಗೆ ಅವಳ ಫೋನು ಬಂತು. ಚೆನ್ನೈನಲ್ಲಿದ್ದಳು. ಪೋರ್ಟ್ ಬ್ಲೇರ್‌ನಿಂದ ಶಿವಮೊಗ್ಗಕ್ಕೆ ನೇರ ವಿಮಾನವೇ ಇಲ್ಲವಂತೆ. ಸಣ್ಣಕ್ಷರದಲ್ಲಿದ್ದದ್ದು ಅದೇ. ಬೆಂಗಳೂರಿನ ವಿಮಾನ ರಾತ್ರಿ ಹತ್ತಕ್ಕೆ, ಅಲ್ಲಿಂದ ಕಾರು. ಊರು ಮುಟ್ಟುವಾಗ ಬೆಳಗಾಗುತ್ತದೆ, ಅಲ್ಲಿಯವರೆಗೆ ತಡೆಯಿರಿ ಎಂದಳು.

ರುದ್ರಪ್ಪನವರು ಒಪ್ಪಲಿಲ್ಲ. "ತೆಗೆದ ಗುಣಿ ರಾತ್ರಿ ಖಾಲಿ ಬಿಡಾಂಗಿಲ್ರಿ. ಮುಂಜಾನೆನೇ ಹೇಳಿದ್ರೆ ಐಸ್ ಪೆಟ್ಟಿಗೆ ತರಿಸಿ ನಾಳೆಗೆ ಇಟ್ಕೊತಿದ್ವಿ. ಮೂರಕ್ಕೆ ಬರ್ತಾಳಂತ ನೀವೇ ಅಂದ್ರಿ," ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾಯಿತು. ಅಕ್ಕ ನನ್ನ ಮುಖ ನೋಡಿದಳು. ಐದೂವರೆಗೆ ಮಣ್ಣು ಮಾಡಿದೆವು. ಅಷ್ಟರಲ್ಲಿ ಶೈಲಾ ಎರಡು ಸಲ ಫೋನು ಮಾಡಿದ್ದಳು. ನಾನು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಕಾರಿಳಿದ ಹುಡುಗಿ ನೇರ ಗುಣಿಯ ಹತ್ತಿರ ಹೋಗಿ ಬಹಳ ಹೊತ್ತು ಕೂತಳು. ಮನೆಗೆ ಬಂದ ಮೇಲೆ ನನ್ನನ್ನು ಬೈಯಲಿಲ್ಲ. ಜಗುಲಿಯಲ್ಲಿ ಪಕ್ಕಕ್ಕೆ ಕೂತು ಮೆಲ್ಲಗೆ ಹೇಳಿದಳು: "ವಿಡಿಯೋ ಕಾಲ್ ಆದ್ರೂ ಮಾಡ್ಬೇಕಿತ್ತು ಮಾಮ. ಅಷ್ಟರಾಗೇ ಮುಖ ನೋಡ್ಕೊತಿದ್ದೆ."

ಇಡೀ ದಿನ ಮೊಬೈಲ್ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ವಿಡಿಯೋ ಕಾಲ್ ನನಗೆ ಹೊಳೆದೇ ಇರಲಿಲ್ಲ.

"ಇಲ್ಲಿ ನೆಟ್‌ವರ್ಕ್ ಇರ್ಲಿಲ್ಲಮ್ಮ," ಎಂದೆ.

ಅವಳು ಹೌದಾ ಎಂದು ತಲೆಯಾಡಿಸಿದಳು. ಹಿಂದಿನ ದಿನ ಮೂರು ಗಂಟೆಗೆ ಅವಳು ಚೆನ್ನೈನಿಂದ ಮಾತಾಡಿದಾಗ ನಾನು ಕೂತಿದ್ದದ್ದು ಅದೇ ಜಗುಲಿಯ ಮೇಲೆ. ನೆಟ್‌ವರ್ಕ್ ಇತ್ತೆನ್ನುವುದು ಅವಳಿಗೂ ಗೊತ್ತಿತ್ತು. ನನಗೆ ಚಹಾ ತರಲೆಂದು ಅವಳೇ ಎದ್ದು ಒಳಗೆ ಹೋದಳು.